ಕ್ಯಾಸನೂರು ಕಾಡಿನ ಜ್ವರ

ಬೆಳ್ಳಿಹಬ್ಬದ ಸಂಚಿಕೆಗೆ ಹಳೆಯ ಸಂಗತಿ ಏನಾದರೂ ಬರೆದುಕೊಡಿ ಎಂದು ಸಂಘದವರು ಕೇಳಿದಾಗ ನಮಗೆ ನೆನಪಾದದ್ದು ಮಂಗನ ಕಾಯಿಲೆ. ಹಬ್ಬದ ಪುಸ್ತಕದಲ್ಲಿ ಕಾಯಿಲೆ ಸುದ್ದಿ ಯಾಕಪ್ಪ ಅಂತ ಕೆಲವರಿಗೆ ಅನ್ನಿಸಬಹುದು. ಆದರೆ ದನ ಸಾಕುವವರು, ದರಕು ಗುಡಿಸುವವರು, ತೋಟಕ್ಕೆ ಸೊಪ್ಪು ಹೊರುವವರೇ ನಮ್ಮ ಸದಸ್ಯರು. ಈ ಚರಿತ್ರೆಯೂ ಅಂಥವರದೇ.

1957ರ ಬೇಸಿಗೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸುವಗಳೂ ಒಂದರ ಹಿಂದೊಂದು ಸತ್ತು ಬೀಳತೊಡಗಿದವು. ಅದೇ ಸಮಯಕ್ಕೆ ಕಾಡಂಚಿನ ಹಳ್ಳಿಗಳ ಜನ ಜ್ವರದಿಂದ ಹಾಸಿಗೆ ಹಿಡಿದರು. ಇದ್ದಕ್ಕಿದ್ದಂತೆ ಬರುವ ಜ್ವರ, ತಲೆ ಸಿಡಿತ, ಮೈಕೈ ಮುರಿದು ಹಾಕಿದಂಥ ನೋವು, ಕೆಂಪಾದ ಕಣ್ಣು. ಕೆಲವರಿಗೆ ಮೂಗು, ವಸಡುಗಳಲ್ಲಿ ರಕ್ತ. ಮೊದಲು ವಿಷಮಶೀತ ಜ್ವರ ಎಂದುಕೊಂಡರು. ಮಂಗ ಸಾಯುವುದಕ್ಕೂ ಮನುಷ್ಯ ಮಲಗುವುದಕ್ಕೂ ನಂಟಿದೆ ಅಂತ ಊರವರು ಆಡಿಕೊಂಡದ್ದೇ ಕೊನೆಗೆ ನಿಜವಾಯಿತು.

ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಧಾವಿಸಿ ಬಂದರು. ಅವರಿಗಿದ್ದದ್ದು ಯೆಲ್ಲೋ ಫೀವರ್ ಭಯ. ದಕ್ಷಿಣ ಅಮೆರಿಕದಲ್ಲಿ ಆ ರೋಗ ಬಂದರೂ ಕಾಡಿನ ಮಂಗಗಳು ಹೀಗೇ ಸಾಯುತ್ತವೆ. ನಮ್ಮ ದೇಶಕ್ಕೆ ಅದು ಎಂದೂ ಕಾಲಿಟ್ಟಿರಲಿಲ್ಲ. ಇಟ್ಟರೆ ಹರಡಲು ಬೇಕಾದ ಸೊಳ್ಳೆ ಮಾತ್ರ ಇಲ್ಲಿ ಧಾರಾಳ. ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ಬೇರೆಯೇ ವೈರಸ್, ರಷ್ಯಾದ ಕಾಡುಗಳ ಮಿದುಳು ಜ್ವರದ ವೈರಸ್‌ಗೆ ಹತ್ತಿರದ ನೆಂಟ. ಅಷ್ಟು ದೂರದ್ದು ಇಲ್ಲಿಗೆ ಹೇಗೆ ಬಂತು? ವಲಸೆ ಹಕ್ಕಿಗಳು ತಂದವೇ ಎಂಬ ಅನುಮಾನ ಹುಟ್ಟಿತು. ಪಕ್ಷಿತಜ್ಞ ಸಲೀಂ ಅಲಿಯವರು 1959ರಲ್ಲಿ ಕೈಗೊಂಡ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ನೆರವು ದೊರೆತದ್ದು ಈ ಅನುಮಾನದಿಂದಲೇ.

ನಿಜವಾದ ವಾಹಕ ನಮ್ಮ ಕಾಲಬುಡದಲ್ಲೇ ಇತ್ತು: ಉಣುಗು. ದರಕಿನಲ್ಲಿ, ಹುಲ್ಲಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದಾಗಿರುವ ಮರಿ ಉಣುಗು ಕಚ್ಚಿದರೆ ರೋಗ ಅಂಟುತ್ತದೆ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಅಲ್ಲೇ ಉದುರಿ, ಮುಂದೆ ಬರುವವರಿಗಾಗಿ ಕಾಯುತ್ತವೆ. ಆದ್ದರಿಂದಲೇ ಸತ್ತ ಮಂಗದ ಸುತ್ತ ಔಷಧಿ ಪುಡಿ ಚೆಲ್ಲುವುದು. ಒಬ್ಬರಿಂದ ಒಬ್ಬರಿಗೆ ಈ ಜ್ವರ ಹರಡುವುದಿಲ್ಲ. ಹಾಗಿದ್ದೂ ಜ್ವರ ಬಂದ ಮನೆಯ ಅಂಗಳ ತುಳಿಯಲು ಹೆದರುವವರನ್ನು ನಾವು ನೋಡಿದ್ದೇವೆ.

ಹೆಸರು ಮಂಗನದು. ಪಾಪ, ಅದೂ ನಮ್ಮ ಹಾಗೆಯೇ ಕಚ್ಚಿಸಿಕೊಂಡು ಸಾಯುವ ಪ್ರಾಣಿ. ದನದ ವಿಷಯವನ್ನು ಮಾತ್ರ ಯಾರೂ ಎತ್ತುವುದಿಲ್ಲ. ದನಕ್ಕೆ ಈ ರೋಗ ಬಾಧಿಸದು, ನಿಜ. ಆದರೆ ಬೆಳೆದ ಉಣುಗು ಹೊಟ್ಟೆ ತುಂಬ ರಕ್ತ ಕುಡಿಯುವುದು ಮೇಯಲು ಬಿಟ್ಟ ದನದ ಮೈಮೇಲೆ. ಆಮೇಲೆ ನೆಲಕ್ಕೆ ಬಿದ್ದು ಮೊಟ್ಟೆ ಇಡುತ್ತದೆ. ಕಾಡು ಕಡಿದು ದನ ನುಗ್ಗಿಸಿದಷ್ಟೂ ಉಣುಗಿಗೆ ಸುಗ್ಗಿ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ಕಡೆ ಗೇರು ನೆಡಲು ಕಾಡು ಕಡಿದ ಜಾಗದಲ್ಲೇ ಕಾಯಿಲೆ ಭಾರಿಯಾಗಿ ಸಿಡಿಯಿತು. ಹಾಗಂತ ದನ ಕಟ್ಟಿಹಾಕಿ ಅಂದರೆ ಮೇವಿಗೆ ಯಾರನ್ನು ಕೇಳೋದು? ಈ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಜ್ವರ ತಗುಲಿದ ನೂರು ಜನರಲ್ಲಿ ಮೂರರಿಂದ ಐದು ಮಂದಿ ಉಳಿಯುವುದಿಲ್ಲ. ಇದಕ್ಕೆಂದೇ ಬೇರೆ ಔಷಧಿಯೂ ಇಲ್ಲ. 2012ರಿಂದೀಚೆಗೆ ಬಂಡೀಪುರ, ವಯನಾಡು, ಗೋವಾಗಳಲ್ಲೂ ಕಾಣಿಸಿಕೊಂಡಿತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದ ಹಲವು ಮನೆಗಳಲ್ಲಿ ಸಾವಾಯಿತು. ದಶಕಗಳಿಂದ ಹಾಕುತ್ತಿದ್ದ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು 2022ರಲ್ಲಿ ನಿಲ್ಲಿಸಿದರು.

ಡಿಸೆಂಬರಿನಿಂದ ಮೇವರೆಗೆ ಕಾಡಿಗೆ ಹೋಗುವವರಿಗೆ ಕೈಕಾಲಿಗೆ ಹಚ್ಚಲು ಆರೋಗ್ಯ ಇಲಾಖೆಯವರು ಡೆಪಾ ತೈಲ ಕೊಡುತ್ತಾರೆ. ಮೈಗೆ ಅಂಟುತ್ತೆ, ವಾಸನೆ ಅಂತ ನಮ್ಮಲ್ಲಿ ಹಲವರು ಆ ಬಾಟಲಿಯನ್ನು ಗೂಡಿನಲ್ಲೇ ಇಟ್ಟು ದರಕಿಗೆ ಹೊರಡುತ್ತಾರೆ.