ಓವನ್ ಬಾಗಿಲಿನ ಬೀಗ: ದೋಷ ಮತ್ತು ಪತ್ತೆ

ಒಳಗೋಡೆಗೆ ಹತ್ತಿದ ಜಿಡ್ಡನ್ನು ಅತಿ ಶಾಖದಲ್ಲಿ ತಾನೇ ಸುಟ್ಟು ಬೂದಿ ಮಾಡಿಕೊಳ್ಳುವ ಓವನ್‌ಗೆ ಪೈರೊಲಿಟಿಕ್ ಓವನ್ ಎನ್ನುತ್ತಾರೆ. ಈ ಶುದ್ಧಿ ನಡೆಯುವಾಗ ಯಾರೂ ಬಾಗಿಲು ತೆರೆಯದಂತೆ ತಡೆಯುವುದೇ ಬಾಗಿಲಿನ ಬೀಗದ ಕೆಲಸ. ಜನರಲ್ ಎಲೆಕ್ಟ್ರಿಕ್ ಕಂಪನಿ 1963ರಲ್ಲಿ ಅಮೆರಿಕದ ಮಾರುಕಟ್ಟೆಗೆ ಇಂಥ ಓವನ್ ತಂದಿತು. ಹಳೆಯ ಮಾದರಿಗಳಲ್ಲಿ ಕೈಯಿಂದ ಎಳೆದು ಹಾಕುವ ಸನ್ನೆ ಇರುತ್ತಿತ್ತು. ಈಗ ಆ ಕೆಲಸ ಮೋಟಾರಿಗೆ ಬಂದಿದೆ. ನಮ್ಮಲ್ಲಿ ಮೇಜಿನ ಮೇಲೆ ಇಟ್ಟುಕೊಳ್ಳುವ ಸಾಮಾನ್ಯ ಓಟಿಜಿಗಳಿಗೆ ಈ ಬೀಗ ಇರುವುದಿಲ್ಲ. ಮಾಡ್ಯುಲರ್ ಅಡುಗೆಮನೆಯ ಗೋಡೆಯೊಳಗೆ ಕೂರಿಸುವ ದುಬಾರಿ ಓವನ್‌ಗಳಲ್ಲಿ ಮಾತ್ರ ಅದು ಕಾಣಸಿಗುತ್ತದೆ; ವಿದೇಶದಲ್ಲಿ ನೆಲೆಸಿದ ಕನ್ನಡಿಗರಿಗೆ ಅದರ ಪರಿಚಯ ಹೆಚ್ಚು.

ಶುದ್ಧಿಯ ವೇಳೆ ಒಳಗಿನ ಉಷ್ಣತೆ 480ರಿಂದ 500 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುತ್ತದೆ. ಆಗ ಬಾಗಿಲು ತೆರೆದರೆ ಮುಖಕ್ಕೆ ಹೊಡೆಯುವ ಬಿಸಿಗಾಳಿಯಷ್ಟೇ ಅಪಾಯವಲ್ಲ, ಒಳಗೆ ನುಗ್ಗುವ ಹೊಸ ಗಾಳಿಯಿಂದ ಅಳಿದುಳಿದ ಜಿಡ್ಡು ಭಗ್ಗೆಂದು ಹೊತ್ತಿಕೊಳ್ಳಬಹುದು. ಆದ್ದರಿಂದ ಒಳಭಾಗ ಸಾಕಷ್ಟು ತಣಿಯುವವರೆಗೆ ಬೀಗ ಬಿಡುವುದಿಲ್ಲ. ಹಲವು ಮಾದರಿಗಳಲ್ಲಿ ಈ ಮಿತಿ 300 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಶುದ್ಧಿ ಮುಗಿದು ಒಂದು ಗಂಟೆಯಾದರೂ ಬಾಗಿಲು ತೆರೆಯಲಿಲ್ಲವೆಂದರೆ ಅದು ದೋಷವೇ ಆಗಿರಬೇಕಿಲ್ಲ.

ಬೀಗದ ರಚನೆ ಸರಳ. ಬಾಗಿಲ ಚೌಕಟ್ಟಿನ ಮೇಲ್ಭಾಗದಲ್ಲಿ ಒಂದು ಕೊಕ್ಕೆ, ಅದನ್ನು ಎಳೆಯುವ ಪುಟ್ಟ ಮೋಟಾರ್, ಮೋಟಾರಿನ ದಂಡಕ್ಕೆ ಕ್ಯಾಮ್ ಎಂಬ ಒಂದು ಉಬ್ಬುಬಿಲ್ಲೆ, ಕ್ಯಾಮ್ ತಿರುಗುವಾಗ ಒತ್ತಿಕೊಳ್ಳುವ ಮೈಕ್ರೋಸ್ವಿಚ್‌ಗಳು. ಬಾಗಿಲು ಮುಚ್ಚಿದೆಯೇ, ಬೀಗ ಬಿದ್ದಿದೆಯೇ ಎಂಬ ಎರಡು ಸುದ್ದಿಗಳನ್ನು ಸ್ವಿಚ್‌ಗಳು ನಿಯಂತ್ರಣ ಫಲಕಕ್ಕೆ ಮುಟ್ಟಿಸುತ್ತವೆ. ಫಲಕವು ಮೋಟಾರನ್ನು ಓಡಿಸಿ, ನಿಗದಿತ ಸಮಯದೊಳಗೆ ನಿರೀಕ್ಷಿಸಿದ ಉತ್ತರ ಸ್ವಿಚ್‌ನಿಂದ ಬಾರದಿದ್ದರೆ ದೋಷಸಂಕೇತ ತೋರಿಸುತ್ತದೆ. ಅಮೆರಿಕದ ಓವನ್‌ಗಳಲ್ಲಿ ಕಾಣುವ ಎಫ್9, ಎಫ್5 ಇ1 ಮುಂತಾದವು ಈ ಬಗೆಯವು. ಅವುಗಳ ಅರ್ಥ ತಯಾರಕರಿಂದ ತಯಾರಕರಿಗೆ ಬೇರೆ. ಇಲ್ಲಿ ಗಮನಿಸಬೇಕಾದದ್ದೆಂದರೆ, ಸಂಕೇತ ಹೇಳುವುದು ಆಜ್ಞೆಗೂ ಉತ್ತರಕ್ಕೂ ತಾಳೆಯಾಗಲಿಲ್ಲ ಎಂದಷ್ಟೇ. ಕೆಟ್ಟಿರುವ ಭಾಗ ಯಾವುದೆಂದು ಅದು ಹೇಳುವುದಿಲ್ಲ. ಸಂಕೇತ ಕಂಡೊಡನೆ ಎಲ್ಲಕ್ಕಿಂತ ದುಬಾರಿಯಾದ ಫಲಕವನ್ನು ಬದಲಿಸುವ ರೂಢಿ, ಸಂಕೇತವೇ ಕೆಟ್ಟ ಭಾಗವನ್ನು ತೋರಿಸುತ್ತದೆ ಎಂಬ ತಪ್ಪು ಗ್ರಹಿಕೆಯಿಂದ ಹುಟ್ಟಿದ್ದು.

ಮೊದಲು ನೋಡಬೇಕಾದದ್ದು ಪರದೆಯನ್ನು. ಗುಂಡಿಗಳನ್ನು ಮಕ್ಕಳು ಒತ್ತದಂತೆ ತಡೆಯುವ ಚೈಲ್ಡ್ ಲಾಕ್‌ನ ಚಿಹ್ನೆಯನ್ನೇ ಬಾಗಿಲ ಬೀಗವೆಂದು ತಿಳಿದು ಮೆಕ್ಯಾನಿಕ್‌ಗೆ ಫೋನ್ ಮಾಡುವವರಿದ್ದಾರೆ. ಅದಲ್ಲದಿದ್ದರೆ, ಓವನ್ ಪೂರ್ತಿ ತಣಿದ ಮೇಲೆ ಎಂಸಿಬಿಯನ್ನು ಕೆಲವು ನಿಮಿಷ ಆರಿಸಿ ಮತ್ತೆ ಹಾಕಬೇಕು. ಎಷ್ಟೋ ಮಾದರಿಗಳಲ್ಲಿ ವಿದ್ಯುತ್ ಮರಳಿದೊಡನೆ ಮೋಟಾರ್ ಕೊಕ್ಕೆಯನ್ನು ಮೂಲಸ್ಥಾನಕ್ಕೆ ತರುತ್ತದೆ. ಬಾಗಿಲನ್ನು ಒಳಕ್ಕೆ ಒತ್ತಿ ಹಿಡಿದು ಶುದ್ಧಿಯನ್ನು ಆರಂಭಿಸಿ ತಕ್ಷಣ ರದ್ದುಮಾಡುವುದೂ ಉಂಟು. ಅರ್ಧದಲ್ಲಿ ನಿಂತ ಕ್ಯಾಮ್ ಇದರಿಂದ ಸುತ್ತು ಮುಗಿಸುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ಮಲ್ಟಿಮೀಟರ್ ಬೇಕು, ವಿದ್ಯುತ್ ಕಡಿತ ಕಡ್ಡಾಯ. ಅನೇಕರು ಮರೆಯುವ ಭಾಗವೆಂದರೆ ಉಷ್ಣತಾ ಸೆನ್ಸರ್. ಹಲವು ಓವನ್‌ಗಳಲ್ಲಿ ಬಳಸುವ ಪ್ಲಾಟಿನಂ ಸೆನ್ಸರಿನ ರೋಧ ಕೋಣೆಯ ಉಷ್ಣತೆಯಲ್ಲಿ ಸುಮಾರು 1,080ರಿಂದ 1,100 ಓಮ್ ಇರುತ್ತದೆ, ಬಿಸಿಯಾದಂತೆ ಏರುತ್ತದೆ. ಸೆನ್ಸರ್ ಕೆಟ್ಟರೆ ಅಥವಾ ಅದರ ತಂತಿಯ ಜೋಡಣೆ ತುಕ್ಕು ಹಿಡಿದರೆ ಲೆಕ್ಕಕ್ಕೆ ಸಿಗುವ ರೋಧ ಹೆಚ್ಚಬಹುದು. ಹಾಗಾದಾಗ ತಣ್ಣಗಿರುವ ಓವನ್ ಇನ್ನೂ ಕಾದಿದೆಯೆಂದು ಫಲಕ ನಂಬುತ್ತದೆ. ಆಗ ಬೀಗ ಸರಿಯಿದ್ದೂ ತೆರೆಯುವುದಿಲ್ಲ. ಸೆನ್ಸರ್ ಸರಿಯಿದ್ದರೆ ಮೈಕ್ರೋಸ್ವಿಚ್‌ಗಳ ತಂತಿ ಬಿಡಿಸಿ ಒಂದೊಂದನ್ನೇ ಒತ್ತಿ ನೋಡಬೇಕು: ಒತ್ತಿದಾಗ ಮತ್ತು ಬಿಟ್ಟಾಗ ಮೀಟರಿನ ಓದು ಬದಲಾಗದ ಸ್ವಿಚ್ ಕೆಟ್ಟದ್ದು. ಮೋಟಾರಿನ ಸುರುಳಿ ಅನಂತ ರೋಧ ತೋರಿಸಿದರೆ ಅದು ಕಡಿದಿದೆ. ಸುರುಳಿ ಸರಿಯಿದ್ದೂ ಒಳಗಿನ ಹಲ್ಲುಚಕ್ರ ಸವೆದಿರಬಹುದು. ಫಲಕದ ಸರದಿ ಕೊನೆಯದು.

ದೋಷ ಬಹುಪಾಲು ಶುದ್ಧಿಯ ಬೆನ್ನಿಗೇ ಕಾಣಿಸುವುದಕ್ಕೆ ಕಾರಣ ಶಾಖ. ಕೊಕ್ಕೆಯ ತಗಡು ತುಸು ಬಾಗುತ್ತದೆ, ಜಿಡ್ಡು ಗಟ್ಟಿಯಾಗಿ ಅಂಟುತ್ತದೆ, ತಂಪುಗೊಳಿಸುವ ಫ್ಯಾನ್ ನಿಂತಿದ್ದರೆ ಸುರಕ್ಷತಾ ಫ್ಯೂಸ್ ಕಡಿದು ಇಡೀ ಓವನ್ ಸತ್ತಂತಾಗುತ್ತದೆ. ಹಬ್ಬದ ಹಿಂದಿನ ದಿನ ಈ ಶುದ್ಧಿ ಬೇಡ ಎಂದು ರಿಪೇರಿಯವರು ಹೇಳುವುದು ಇದಕ್ಕೇ.

ಸಿಕ್ಕಿಕೊಂಡ ಬಾಗಿಲನ್ನು ಸ್ಕ್ರೂಡ್ರೈವರ್‌ನಿಂದ ಮೀಟಬಾರದು; ಗಾಜು ಪುಡಿಯಾಗಬಹುದು, ಅಂಚಿನ ಗ್ಯಾಸ್ಕೆಟ್ ಹರಿಯಬಹುದು. ವಿದ್ಯುತ್ ತೆಗೆದು, ಓವನನ್ನು ಗೂಡಿನಿಂದ ಹೊರಕ್ಕೆಳೆದು, ಮೇಲಿನ ತಗಡು ಬಿಚ್ಚಿ ಕ್ಯಾಮನ್ನು ಕೈಯಿಂದ ತಿರುಗಿಸುವುದು ಸರಿಯಾದ ದಾರಿ. ಕೆಲವು ಮಾದರಿಗಳಲ್ಲಿ ಬಾಗಿಲ ಸಂದಿನಿಂದ ಗಟ್ಟಿ ತಂತಿ ತೂರಿಸಿ ಕೊಕ್ಕೆಯನ್ನು ಸರಿಸಬಹುದು. ಬೀಗ ಕೆಟ್ಟಿತೆಂದು ಸ್ವಿಚ್‌ನ ಎರಡು ತಂತಿಗಳನ್ನು ನೇರವಾಗಿ ಜೋಡಿಸಿಬಿಡುವುದು ಮಾತ್ರ ಅಪಾಯಕಾರಿ: ಬಾಗಿಲು ತೆರೆದಿದ್ದರೂ ಫಲಕ ಶುದ್ಧಿಯ ಶಾಖಕ್ಕೆ ಅನುಮತಿ ಕೊಟ್ಟೀತು.

ಮೈಕ್ರೋವೇವ್ ಓವನಿನ ಬಾಗಿಲ ಸ್ವಿಚ್‌ಗಳಿಗೆ ಮೇಲೆ ಹೇಳಿದ ಪತ್ತೆಯ ವಿಧಾನ ಅನ್ವಯಿಸದು. ಅಲ್ಲಿ ಸ್ವಿಚ್‌ಗಳು ತಡೆಯುವುದು ವಿಕಿರಣದ ಸೋರಿಕೆಯನ್ನು. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಜೀವಕ್ಕೆರವಾಗುವ ವಿದ್ಯುತ್ ಉಳಿದಿರಬಹುದಾದ್ದರಿಂದ ಅದರ ಕವಚವನ್ನು ಮನೆಯಲ್ಲಿ ಬಿಚ್ಚುವಂತಿಲ್ಲ.