ಸೋಲಾರ್ ವಾಟರ್ ಹೀಟರ್ (ಗಾದಿಗನೂರು–ಹೊಸಪೇಟೆ ಸೀಮೆ)

ಬಿಸಿಲಿನ ಕಾವಿನಿಂದ ನೀರು ಕಾಯಿಸಿ, ಕಾದ ನೀರನ್ನು ಮರುದಿನ ಬೆಳಗಿನವರೆಗೆ ಆರದಂತೆ ಇಟ್ಟುಕೊಳ್ಳುವ ಮನೆಬಳಕೆಯ ಸಾಧನ. ಪಠ್ಯಪುಸ್ತಕಗಳು ಇದನ್ನು ಸೌರ ಜಲತಾಪಕ ಎನ್ನುತ್ತವೆ; ಊರಮಂದಿಗೆ ಬರೀ 'ಸೋಲಾರ್'. ಕರೆಂಟು ಕೊಡುವ ಸೌರಫಲಕವೇ ಬೇರೆ, ಇದೇ ಬೇರೆ. ಇದರಲ್ಲಿ ವಿದ್ಯುತ್ ಹುಟ್ಟುವುದಿಲ್ಲ, ಮೋಟರ್ ಕೂಡ ಇರುವುದಿಲ್ಲ.

ಗಾದಿಗನೂರು ವಿಜಯನಗರ ಜಿಲ್ಲೆಯ ಹೊಸಪೇಟೆ ತಾಲ್ಲೂಕಿನ ಊರು, ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿ ಮತ್ತು ರೈಲುದಾರಿಯಲ್ಲಿದೆ. ಈ ಊರಿಗೂ ಸುತ್ತಲ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳಿಗೂ ಬಿಸಿಲಿನ ಬರವಿಲ್ಲ. ವರ್ಷದ ಸರಾಸರಿ ತೆಗೆದರೆ ಒಂದು ಚದರ ಮೀಟರಿಗೆ ದಿನಕ್ಕೆ 5ರಿಂದ 6 ಯೂನಿಟ್‌ನಷ್ಟು ಸೌರಶಕ್ತಿ ಬೀಳುತ್ತದೆ. ಇಲ್ಲಿ ಸೋಲಾರ್ ಕೈಕೊಡುವುದು ಹೆಚ್ಚಾಗಿ ನೀರಿನ ದೆಸೆಯಿಂದ. ಎಂಥ ನೀರು, ಯಾವ ಹೊತ್ತಿಗೆ ಬರುತ್ತದೆ, ಎಷ್ಟು ಎತ್ತರದಿಂದ ಇಳಿಯುತ್ತದೆ ಎಂಬುದನ್ನು ಕೇಳದೆ ಮಾರಿದ, ಕೇಳದೆ ಕೊಂಡ ಸೋಲಾರ್‌ಗಳೇ ಬೇಗ ಮೂಲೆಗೆ ಬೀಳುತ್ತವೆ.

ಹಿನ್ನೆಲೆ

ಈ ಭಾಗದ ಬಚ್ಚಲಿನಲ್ಲಿ ಒಲೆಯ ಮೇಲೆ ಹುಗಿದ ಹಂಡೆ ಇರುತ್ತಿತ್ತು. ಹಳೆಯ ಮನೆಗಳಲ್ಲಿ ಈಗಲೂ ಇದೆ. ಅದಕ್ಕೆ ಉರುವಲು ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಹಿಂದಿನ ಜಿಲ್ಲೆಯ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿ. ದೀಪಾವಳಿಯ ನೀರು ತುಂಬುವ ಹಬ್ಬದಂದು ತೊಳೆದು, ಪೂಜಿಸಿ, ನೀರು ತುಂಬುವುದು ಇದೇ ಹಂಡೆಗೆ. ಆಮೇಲೆ ಕರೆಂಟಿನ ಕಾಯಿಲ್ ಬಂತು, ಗೀಸರ್ ಬಂತು.

ಬಿಸಿಲಿನಿಂದ ನೀರು ಕಾಯಿಸುವ ಉಪಾಯಕ್ಕೆ ಮೊದಲು ವಾಣಿಜ್ಯ ರೂಪ ಕೊಟ್ಟವರು ಅಮೆರಿಕದ ಬಾಲ್ಟಿಮೋರ್‌ನ ಕ್ಲಾರೆನ್ಸ್ ಕೆಂಪ್. ಅವರಿಗೆ 1891ರಲ್ಲಿ ಪೇಟೆಂಟ್ ಸಿಕ್ಕಿತು. ಅವರ ತೊಟ್ಟಿಯಲ್ಲಿ ಸಂಜೆಯಾದರೆ ನೀರು ಆರಿಬಿಡುತ್ತಿತ್ತು. ಕ್ಯಾಲಿಫೋರ್ನಿಯಾದ ವಿಲಿಯಂ ಬೇಯ್ಲಿ 1909ರಲ್ಲಿ ಕಾಯಿಸುವ ಭಾಗವನ್ನೂ ಕೂಡಿಡುವ ತೊಟ್ಟಿಯನ್ನೂ ಬೇರೆ ಮಾಡಿ, ತೊಟ್ಟಿಗೆ ಶಾಖರಕ್ಷಣೆ ಕೊಟ್ಟರು. ಇಂದಿನ ಸೋಲಾರ್‌ನ ರಚನೆ ಮೂಲತಃ ಅದೇ. ಇಸ್ರೇಲ್ 1980ರಲ್ಲಿ ಹೊಸ ಮನೆಗಳಿಗೆ ಇದನ್ನು ಕಡ್ಡಾಯಗೊಳಿಸಿತು. ಕರ್ನಾಟಕ ಸರ್ಕಾರ 2007ರ ನವೆಂಬರ್‌ನಲ್ಲಿ ನಗರ ಪ್ರದೇಶದ 600 ಚದರ ಅಡಿಗೆ ಮೇಲ್ಪಟ್ಟ ಹೊಸ ಮನೆಗಳಿಗೆ ಸೋಲಾರ್ ಕಡ್ಡಾಯವೆಂದು ಆದೇಶ ಹೊರಡಿಸಿತು. ಹೊಸಪೇಟೆಯಂಥ ನಗರಸಭೆಯ ವ್ಯಾಪ್ತಿಗೆ ಈ ನಿಯಮ ಅನ್ವಯಿಸುತ್ತದೆ. ಗ್ರಾಮ ಪಂಚಾಯಿತಿಯ ಮನೆಗೆ ಕಡ್ಡಾಯವಿಲ್ಲ, ಹಾಕಿಸುವುದು ಅವರವರ ಇಷ್ಟ.

ಕೆಲಸ ಮಾಡುವ ರೀತಿ

ಕಾದ ನೀರು ಹಗುರಾಗಿ ಮೇಲೇರುತ್ತದೆ, ತಣ್ಣೀರು ಭಾರವಾಗಿ ಕೆಳಗಿಳಿಯುತ್ತದೆ. ಆದ್ದರಿಂದಲೇ ತೊಟ್ಟಿಯನ್ನು ಮೇಲೆ, ಕಾಯುವ ಭಾಗವನ್ನು ಕೆಳಗೆ ಇಟ್ಟಿರುತ್ತಾರೆ. ಬಿಸಿಲಿರುವಷ್ಟು ಹೊತ್ತು ನೀರು ತಾನಾಗಿ ಸುತ್ತುತ್ತಿರುತ್ತದೆ. ಸಂಜೆ ಬಿಸಿಲಿಳಿದ ಮೇಲೆ ಸುತ್ತುವುದು ನಿಲ್ಲುತ್ತದೆ. ತೊಟ್ಟಿಯ ಸುತ್ತ ತುಂಬಿದ ಪಫ್ ಎಂಬ ಶಾಖರಕ್ಷಕ ನೊರೆ ಕಾವನ್ನು ಹಿಡಿದಿಡುತ್ತದೆ.

ಮಾರುಕಟ್ಟೆಯಲ್ಲಿರುವುದು ಎರಡು ಬಗೆ. ಎಫ್‌ಪಿಸಿ ಎಂಬುದು ಗಟ್ಟಿಗಾಜು ಹೊದಿಸಿದ ಚಪ್ಪಟೆ ಪೆಟ್ಟಿಗೆ. ಒಳಗೆ ಕಪ್ಪು ಲೇಪದ ತಾಮ್ರದ ಹಾಳೆ, ಅದಕ್ಕೆ ಬೆಸೆದ ಅರ್ಧ ಇಂಚಿನ ತಾಮ್ರದ ಕೊಳವೆಗಳು. 100 ಲೀಟರಿಗೆ ಸುಮಾರು 2 ಚದರ ಮೀಟರಿನ ಒಂದು ಪೆಟ್ಟಿಗೆ ಬೇಕು. ಇಟಿಸಿ ಎಂಬುದು ಗಾಜಿನ ಕೊಳವೆಗಳ ಸಾಲು. ಪ್ರತಿ ಕೊಳವೆಗೂ ಎರಡು ಗೋಡೆ, ನಡುವೆ ನಿರ್ವಾತ. ಒಳಗೋಡೆಯ ಕಪ್ಪು ಲೇಪ ಹಿಡಿದ ಕಾವು ಆ ನಿರ್ವಾತವನ್ನು ದಾಟಿ ಹೊರಗೆ ಹೋಗುವುದು ತೀರ ಕಡಿಮೆ. ಆದ್ದರಿಂದ ಮೋಡದ ದಿನ, ಚಳಿಗಾಳಿಯ ದಿನ ಇಟಿಸಿ ತುಸು ಮೇಲು. ಬೆಲೆಯೂ ಕಡಿಮೆ, ಆದರೆ ಒಡೆಯುತ್ತದೆ. ಎಫ್‌ಪಿಸಿಗೆ ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು, ಆದರೆ ಗಡಸು ನೀರಿಗೆ ಅದರ ಸಣ್ಣ ಕೊಳವೆಗಳು ಕಟ್ಟಿಕೊಳ್ಳುತ್ತವೆ.

ಎಷ್ಟು ಲೀಟರಿನದು ಬೇಕು

ಅಂಗಡಿಯವರು ನಾಲ್ಕೈದು ಜನರ ಮನೆಗೆ 200 ಲೀಟರ್ ಎನ್ನುವುದುಂಟು. ಲೆಕ್ಕ ಹಾಗೆ ಹೇಳುವುದಿಲ್ಲ. ತೊಟ್ಟಿಯ ನೀರು 60 ಡಿಗ್ರಿ, ನಲ್ಲಿಯ ನೀರು 25 ಡಿಗ್ರಿ ಇದ್ದು, ಜಳಕಕ್ಕೆ 40 ಡಿಗ್ರಿ ಹದ ಬೇಕೆಂದರೆ, 100 ಲೀಟರ್ ಬಿಸಿನೀರಿಗೆ ತಣ್ಣೀರು ಬೆರೆಸಿ 230 ಲೀಟರ್ ಸಿಗುತ್ತದೆ. 20 ಲೀಟರಿನ ಬಕೆಟ್‌ನಲ್ಲಿ ಅಳೆದರೆ ಹನ್ನೊಂದು ಬಕೆಟ್. ಬಕೆಟ್, ಚೊಂಬಿನಲ್ಲಿ ಜಳಕ ಮಾಡುವ ಐದು ಜನರ ಮನೆಗೆ ಇದು ಸಾಕು. ಶವರ್ ಇದ್ದರೆ, ಬಾಡಿಗೆಗೆ ಇನ್ನೊಂದು ಮನೆ ಇದ್ದರೆ ಮಾತು ಬೇರೆ.

ಬೆಳಗಿನ ಜಾವ ನೀರು ಬಿಸಿ ಇರುತ್ತದೆಯೇ? ಮುಟ್ಟದೆ ಇಟ್ಟರೆ ಇರುತ್ತದೆ. ಒಳ್ಳೆಯ ತೊಟ್ಟಿಯಲ್ಲಿ ರಾತ್ರಿ ಕಳೆಯುವುದು ಕೆಲವೇ ಡಿಗ್ರಿ. ನರಕ ಚತುರ್ದಶಿಯ ನಸುಕಿನಲ್ಲಿ ಎಣ್ಣೆ ಎರೆದುಕೊಳ್ಳಲು ತಡೆಯಿಲ್ಲ. ಆದರೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟು ಮುಗಿಸಿ, ಇಲ್ಲವೇ ಗಣಿಕೆಲಸದಿಂದ ಬಂದು ರಾತ್ರಿ ಹತ್ತಕ್ಕೆ ಜಳಕ ಮಾಡುವವರು ಮನೆಯಲ್ಲಿದ್ದರೆ, ಅವರು ಬಳಸಿದಷ್ಟೂ ತಣ್ಣೀರು ತೊಟ್ಟಿಯ ಅಡಿಗೆ ನುಗ್ಗುತ್ತದೆ. ಬೆಳಿಗ್ಗೆ ಶಾಲೆಗೆ ಹೋಗುವ ಮಕ್ಕಳಿಗೆ ಉಗುರುಬೆಚ್ಚಗಿನದೇ ಗತಿ. 200 ಲೀಟರ್ ಬೇಕಾಗುವುದು ಇಂಥ ಮನೆಗೆ.

ದಿಕ್ಕು, ನೆರಳು

ಮುಖ ದಕ್ಷಿಣಕ್ಕೆ, ಓರೆ ಸುಮಾರು 30 ಡಿಗ್ರಿ. ಗಾದಿಗನೂರು ಇರುವುದು 15 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಡಿಸೆಂಬರ್ ಮಧ್ಯಾಹ್ನ ಸೂರ್ಯ ದಕ್ಷಿಣದಲ್ಲಿ ಸುಮಾರು 51 ಡಿಗ್ರಿ ಎತ್ತರದಲ್ಲಿರುತ್ತಾನೆ. ಅಕ್ಷಾಂಶಕ್ಕೆ ಇನ್ನೊಂದು 15 ಸೇರಿಸಿ ಓರೆ ಕೊಟ್ಟರೆ ಆ ಬಿಸಿಲು ಹೆಚ್ಚುಕಡಿಮೆ ನೆಟ್ಟಗೆ ಬೀಳುತ್ತದೆ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ, ದಕ್ಷಿಣಮುಖದ ಸೋಲಾರ್‌ಗೆ ಬಿಸಿಲು ಓರೆಯಾಗುತ್ತದೆ. ಅದರಿಂದ ನಷ್ಟವಿಲ್ಲ. ಮೇ ತಿಂಗಳಲ್ಲಿ ಇಲ್ಲಿ ಮಾಳಿಗೆಯ ಸಿಂಟೆಕ್ಸ್ ತೊಟ್ಟಿಯ ನೀರೇ ಕೈಸುಡುತ್ತದೆ, ಸೋಲಾರ್ ನಲ್ಲಿ ತಿರುಗಿಸುವವರು ಯಾರು?

ನೆರಳಿನ ಲೆಕ್ಕವನ್ನೂ ಚಳಿಗಾಲಕ್ಕೇ ಹಾಕಬೇಕು. ಡಿಸೆಂಬರ್ ನಡುಮಧ್ಯಾಹ್ನ 10 ಅಡಿಯ ಗೋಡೆ ಉತ್ತರಕ್ಕೆ 8 ಅಡಿ ನೆರಳು ಚೆಲ್ಲುತ್ತದೆ, ಬೆಳಿಗ್ಗೆ ಸಂಜೆ ಇನ್ನೂ ಉದ್ದ. ಏಪ್ರಿಲ್‌ನಲ್ಲಿ ಬಂದು ಜಾಗ ನೋಡಿ ಹೋದ ಮೆಕ್ಯಾನಿಕ್‌ಗೆ ದಕ್ಷಿಣದ ಮನೆಯ ಎರಡನೇ ಅಂತಸ್ತಿನ ನೆರಳು ಕಾಣಿಸುವುದೇ ಇಲ್ಲ.

ನೀರು

ಗಾದಿಗನೂರಿನಂಥ ಊರಲ್ಲಿ ಮನೆಯ ನೀರೆಂದರೆ ಬಹಳ ಕಡೆ ಬೋರಿನ ನೀರು, ಅದರಲ್ಲೂ ಸವಳು. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯಿಲ್ಲದಿದ್ದರೆ 600ರವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ಬೇಳೆ ಬೇಯದ, ಸಾಬೂನು ನೊರೆಯಾಗದ ನೀರನ್ನು ಅಳೆಯಲು ಹೆಣ್ಣುಮಕ್ಕಳಿಗೆ ಈ ಅಂಕಿ ಬೇಕಿಲ್ಲ. ಅಂಥ ನೀರು ಕಾದಾಗ ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕರಗದ ಕಾರ್ಬೊನೇಟ್ ಆಗಿ ಕೊಳವೆಯ ಒಳಗೋಡೆಗೆ ಸುಣ್ಣದಂತೆ ಕೂರುತ್ತದೆ. ಕಾವು ಹೆಚ್ಚಿದಷ್ಟೂ ಬೇಗ ಕೂರುತ್ತದೆ. ಎಫ್‌ಪಿಸಿಯ ಅರ್ಧ ಇಂಚಿನ ಕೊಳವೆಯಲ್ಲಿ ಮೊದಲು ಹರಿವು ತಗ್ಗುತ್ತದೆ, ಕೊನೆಗೆ ನಿಂತೇಹೋಗುತ್ತದೆ. ಪೆಟ್ಟಿಗೆಯ ಗಾಜು ಕೆಂಡವಾಗಿದ್ದರೂ ತೊಟ್ಟಿಯ ನೀರು ಬಿಸಿಯಾಗದಿದ್ದರೆ ಕಾರಣ ಹೆಚ್ಚಾಗಿ ಇದೇ.

ಇಟಿಸಿಯಲ್ಲಿ ಸುಣ್ಣ ಕಟ್ಟುವುದಿಲ್ಲವೆಂದಲ್ಲ. 58 ಮಿಲಿಮೀಟರ್ ದಪ್ಪ, 1800 ಮಿಲಿಮೀಟರ್ ಉದ್ದದ ಒಂದು ಕೊಳವೆಯಲ್ಲಿ ಎರಡೂವರೆ ಲೀಟರಿಗಿಂತ ಹೆಚ್ಚು ನೀರು ನಿಂತಿರುತ್ತದೆ, ಚಕ್ಕೆ ಅದರ ತಳದಲ್ಲಿ ಸೇರುತ್ತದೆ. ಆದರೆ ಇದನ್ನು ಬಿಚ್ಚಬಹುದು. ಕೊಳವೆಯನ್ನು ತಿರುಗಿಸುತ್ತ ರಬ್ಬರ್ ವಾಷರ್‌ನಿಂದ ಹೊರಕ್ಕೆಳೆದು ಬಗ್ಗಿಸಿದರೆ ಮೊದಲು ಕೆಸರು ಬಣ್ಣದ ನೀರು, ಹಿಂದೆಯೇ ಮೊಟ್ಟೆಯ ಚಿಪ್ಪಿನಷ್ಟು ತೆಳ್ಳಗಿನ ಬಿಳಿ ಚಕ್ಕೆಗಳು ಬೀಳುತ್ತವೆ. ಉಳಿದದ್ದನ್ನು ನಿಂಬೆ ಉಪ್ಪು ಕದಡಿದ ನೀರಿನಲ್ಲಿ ನೆನೆಹಾಕಿ ತೆಗೆಯುತ್ತಾರೆ. ಬೋರಿನ ಸವಳು ನೀರೊಂದನ್ನೇ ನಂಬಿದ ಮನೆಗೆ ಇಟಿಸಿಯೇ ವಾಸಿ. ಎಫ್‌ಪಿಸಿಯೇ ಬೇಕೆನ್ನುವವರು ಹೀಟ್ ಎಕ್ಸ್‌ಚೇಂಜರ್ ಇರುವುದನ್ನು ಕೇಳಬೇಕು. ಅದರಲ್ಲಿ ಕೊಳವೆಗಳ ನೀರು ಬೇರೆಯೇ ಸುತ್ತುತ್ತಿರುತ್ತದೆ, ಬಳಸುವ ನೀರು ಅವುಗಳೊಳಗೆ ಹೋಗುವುದಿಲ್ಲ. ತೊಟ್ಟಿಯೊಳಗಿನ ಮೆಗ್ನೀಷಿಯಂ ಆನೋಡ್ ಕಡ್ಡಿ ತಾನು ಸವೆದು ತೊಟ್ಟಿಯನ್ನು ತುಕ್ಕಿನಿಂದ ಕಾಯುತ್ತದೆ. ಸವೆದುಹೋದ ಮೇಲೆ ಹೊಸದು ಹಾಕಿಸದಿದ್ದರೆ ಮುಂದಿನ ಸರದಿ ತೊಟ್ಟಿಯದೇ. ಕಂಪ್ಲಿಯಂಥ ಹೊಳೆದಂಡೆಯ ಊರಲ್ಲಿ ತುಂಗಭದ್ರೆಯ ನೀರಿಗೆ ಗಡಸು ಕಡಿಮೆ, ಆದರೆ ಹೊಸನೀರು ಬರುವ ತಿಂಗಳುಗಳಲ್ಲಿ ಮಣ್ಣು ಕೂರುತ್ತದೆ. ಮಳೆಗಾಲ ಮುಗಿದ ಮೇಲೆ ಒಮ್ಮೆ ಡ್ರೈನ್ ವಾಲ್ ತೆಗೆದು ತೊಟ್ಟಿ ಖಾಲಿ ಮಾಡಿದರೆ ಸಾಕು.

ಇನ್ನು ನೀರು ಬರುವ ಹೊತ್ತು. ನಳ ದಿನ ಬಿಟ್ಟು ದಿನ ಬರುವ ಕಡೆ ಮೇಲಿನ ತೊಟ್ಟಿ ಖಾಲಿಯಾಗಿ, ಹಿಂದೆಯೇ ಸೋಲಾರ್ ಕೂಡ ಬರಿದಾಗುವುದುಂಟು. ಬರಿದಾದ ಇಟಿಸಿ ಕೊಳವೆ ಬಿಸಿಲಿಗೆ ಕುದಿಯುವ ನೀರಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಮಧ್ಯಾಹ್ನ ಎರಡಕ್ಕೆ ನಳ ಬಂತೆಂದು ಮೋಟರ್ ಹಾಕಿದರೆ ತಣ್ಣೀರು ತಾಗಿದ ಗಾಜು ಸಿಡಿಯುತ್ತದೆ. ಬರಿದಾದ ಸೋಲಾರ್‌ಗೆ ನೀರು ಬಿಡುವುದು ರಾತ್ರಿ ಅಥವಾ ಸೂರ್ಯ ಏಳುವ ಮುನ್ನ ಮಾತ್ರ. ಮನೆಯವರೆಲ್ಲ ಊರಿಗೆ ಹೋಗುವಾಗ ನೀರು ಖಾಲಿ ಮಾಡಿ ಹೋಗುವ ಬದಲು, ತುಂಬಿಸಿಟ್ಟು ಕೊಳವೆಗಳ ಮೇಲೆ ತಾಡಪತ್ರಿ ಹೊದಿಸಿ ಹೋಗುವುದು ಒಳ್ಳೆಯದು. ಬೇಸಿಗೆಯಲ್ಲೂ ಅರ್ಧದಷ್ಟು ಕೊಳವೆ ಮುಚ್ಚಿದರೆ ನೀರು ಕುದಿಯುವುದು ತಪ್ಪುತ್ತದೆ, ಮಕ್ಕಳ ಕೈ ಸುಡುವುದೂ ತಪ್ಪುತ್ತದೆ.

ತಣ್ಣೀರಿನ ಸಿಂಟೆಕ್ಸ್‌ನ ತಳ ಸೋಲಾರ್ ತೊಟ್ಟಿಯ ತಲೆಗಿಂತ ಮೇಲಿರಬೇಕು. ಎಷ್ಟೋ ಮನೆಗಳಲ್ಲಿ ಎರಡನ್ನೂ ಮಾಳಿಗೆಯ ಒಂದೇ ಮಟ್ಟದಲ್ಲಿ ಕೂರಿಸಿ, ಆಮೇಲೆ ಬಿಸಿನೀರು ಜಿನುಗುತ್ತದೆ ಎಂದು ಸೋಲಾರನ್ನು ದೂರುತ್ತಾರೆ. ಸಿಂಟೆಕ್ಸ್‌ಗೆ ಕಟ್ಟೆ ಕಟ್ಟಿಸುವುದೇ ಪರಿಹಾರ. ಬಿಸಿನೀರಿನ ತುದಿಯ ಗಾಳಿಕೊಳವೆ ಸಿಂಟೆಕ್ಸ್‌ಗಿಂತಲೂ ಎತ್ತರಕ್ಕೆ ಹೋಗಬೇಕು, ಅದರ ಬಾಯಿಯನ್ನು ಯಾವ ಕಾರಣಕ್ಕೂ ಮುಚ್ಚಬಾರದು.

ಪೈಪು, ಮಾಳಿಗೆ, ಕೋತಿ

ಬಿಸಿನೀರಿಗೆ ಸಿಪಿವಿಸಿ ಪೈಪೇ ಬೇಕು. ಮಾಮೂಲಿ ಪಿವಿಸಿ ಕಾವಿಗೆ ಮೆತ್ತಗಾಗಿ ಜೋತುಬೀಳುತ್ತದೆ. ಮಾಳಿಗೆಯಿಂದ ಬಚ್ಚಲಿಗೆ 20 ಮೀಟರ್ ದೂರವಿದ್ದು, ಪೈಪಿನ ಒಳ ಅಗಲ 15 ಮಿಲಿಮೀಟರ್ ಇದ್ದರೆ, ನಲ್ಲಿ ತಿರುಗಿಸಿದಾಗ ಮೊದಲ ಮೂರೂವರೆ ಲೀಟರ್ ತಣ್ಣೀರೇ. ಅಗಲ 20 ಮಿಲಿಮೀಟರ್ ಆದರೆ ಆರು ಲೀಟರಿಗೂ ಹೆಚ್ಚು. ಕೊಡ ಹಿಡಿದು ನೀರು ಕಾಯುವ ಊರಲ್ಲಿ ಇದು ಸಣ್ಣ ಮಾತಲ್ಲ. ಆ ನೀರನ್ನು ಒಂದು ಬಕೆಟ್‌ಗೆ ಹಿಡಿದು ಹದ ಬೆರೆಸಲು ಬಳಸಬೇಕು.

ನೀರು ತುಂಬಿದ 100 ಲೀಟರಿನ ಸೋಲಾರ್ ಸುಮಾರು ಒಂದೂವರೆ ಕ್ವಿಂಟಲ್ ತೂಗುತ್ತದೆ. ಆರ್‌ಸಿಸಿಗೆ ಇದು ಲೆಕ್ಕಕ್ಕಿಲ್ಲ. ತೊಲೆ, ಜಂತೆಗಳ ಮೇಲೆ ಮಣ್ಣು ಹಾಕಿದ ಹಳೆಯ ಮಾಳಿಗೆಗೆ ಲೆಕ್ಕಕ್ಕಿದೆ. ಅಂಥಲ್ಲಿ ಸ್ಟ್ಯಾಂಡಿನ ಕಾಲುಗಳು ಗೋಡೆಯ ಮೇಲೆ ಬರಬೇಕು, ಇಲ್ಲವೇ ಬಚ್ಚಲಿನ ಪಕ್ಕ ಬೇರೆ ಕಟ್ಟೆ ಬೇಕು.

ಹಂಪಿ, ಹೊಸಪೇಟೆ ಕಡೆ ಕೋತಿಗಳ ಕಾಟ ಇದ್ದದ್ದೇ. ತಗಡಿನಿಂದ ಮಾಳಿಗೆಗೆ, ಮಾಳಿಗೆಯಿಂದ ಸೋಲಾರ್‌ಗೆ ಹಾರುವ ಮುಸಿಯದ ಹಿಂಡಿಗೆ ಇಟಿಸಿ ಕೊಳವೆ ಎಷ್ಟು ದಿನ ತಡೆದೀತು? ಕೊಳವೆಗಳ ಮೇಲೆ ಅಗಲ ಕಣ್ಣಿನ ತಂತಿಜಾಲರಿ ಹಾಕಿಸಬಹುದು, ತುಸು ನೆರಳಾಗುತ್ತದೆ ಅಷ್ಟೆ. ಬೋರಿನ ನೀರೂ ಸವಳಾಗಿದ್ದು ಕೋತಿಗಳೂ ಇರುವ ಮನೆ ಎರಡರ ನಡುವೆ ಸಿಕ್ಕಿಕೊಳ್ಳುತ್ತದೆ. ಜಾಲರಿ ಹಾಕಿದ ಇಟಿಸಿ ಅದಕ್ಕೆ ಒಪ್ಪಬಹುದಾದ ರಾಜಿ. ಅದಿರಿನ ಲಾರಿ ಓಡುವ ಸಂಡೂರು ದಾರಿಯ ಮನೆಗಳಲ್ಲಿ ಕೆಂಪು ಧೂಳು ಗಾಜಿನ ಮೇಲೆ ಪದರವಾಗಿ ಕೂರುತ್ತದೆ. ಅದನ್ನು ತೊಳೆಯುವುದು ಬೆಳಗಿನ ತಂಪಿನಲ್ಲಿ, ಕಾದ ಗಾಜಿಗೆ ನೀರು ಸೋಕಿಸಬಾರದು. ಹಂಪಿಯ ವಿಶ್ವಪರಂಪರೆ ಪ್ರದೇಶದಲ್ಲಿ ಮನೆ ಕಟ್ಟಲು, ಮಾರ್ಪಡಿಸಲು ಹಂಪಿ ವಿಶ್ವಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಅನುಮತಿ ಬೇಕಾಗುವುದರಿಂದ, ಅಲ್ಲಿಯವರು ಮಾಳಿಗೆಯ ಮೇಲೆ ಏನನ್ನಾದರೂ ಏರಿಸುವ ಮೊದಲು ವಿಚಾರಿಸುವುದು ಲೇಸು.

ಕರೆಂಟು ಬಿಲ್ಲು, ಸಹಾಯಧನ

100 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಏರಿಸಲು 4 ಯೂನಿಟ್ ಕರೆಂಟು ಬೇಕು, ಎಂದರೆ 2 ಕಿಲೋವಾಟ್ ಗೀಸರ್ ಎರಡು ತಾಸು ಉರಿದ ಹಾಗೆ. 100 ಲೀಟರಿನ ಸೋಲಾರ್ ವರ್ಷಕ್ಕೆ 1500 ಯೂನಿಟ್ ಉಳಿಸುತ್ತದೆ ಎಂಬ ಸರ್ಕಾರಿ ಅಂದಾಜು ಹೆಚ್ಚುಕಡಿಮೆ ವರ್ಷವಿಡೀ ಬಿಸಿನೀರು ಬಳಸುವವರಿಗೆ ಸರಿ. ಈ ಸೀಮೆಯಲ್ಲಿ ಮಾರ್ಚ್‌ನಿಂದ ಮೇವರೆಗೆ ಬಿಸಿನೀರು ಯಾರಿಗೂ ಬೇಡ, ಮೋಡ ಕವಿದ ಜುಲೈ, ಆಗಸ್ಟ್‌ನ ಕೆಲವು ದಿನ ಕಾಯಿಲ್ ಹಾಕದೆ ವಿಧಿಯಿಲ್ಲ. 200 ದಿನ ಪೂರ್ತಿ ಬಳಸಿದರೂ ಉಳಿಯುವುದು 800 ಯೂನಿಟ್. ಹೂಡಿದ ಹಣ ಎಷ್ಟು ವರ್ಷಕ್ಕೆ ವಾಪಸಾಗುತ್ತದೆ ಎಂದು ಲೆಕ್ಕ ಹಾಕುವವರು ಈ ಅಂಕಿಯನ್ನು ಹಿಡಿಯಬೇಕು, ಮಾರುವವರ ಕರಪತ್ರದ್ದನ್ನಲ್ಲ.

ಇಲ್ಲಿಗೆ ವಿದ್ಯುತ್ ಪೂರೈಸುವುದು ಜೆಸ್ಕಾಂ. ಸೋಲಾರ್ ಹಾಕಿಸಿ ಬಳಸುವ ಮನೆಗೆ ಯೂನಿಟ್ಟಿಗೆ 50 ಪೈಸೆಯಂತೆ, ತಿಂಗಳಿಗೆ 50 ರೂಪಾಯಿ ಮೀರದ ರಿಯಾಯಿತಿ ರಾಜ್ಯದ ವಿದ್ಯುತ್ ದರಪಟ್ಟಿಯಲ್ಲಿ ಬಹುಕಾಲದಿಂದ ಇದ್ದದ್ದು. 2023ರಲ್ಲಿ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ, ಬಿಲ್ಲೇ ಸೊನ್ನೆ, ಸೋಲಾರ್ ಯಾಕೆ ಎಂಬ ಪ್ರಶ್ನೆ ಎದ್ದಿತು. ಯೋಜನೆ ಶುರುವಾದಾಗ ಉಚಿತವೆಂದು ಗೊತ್ತುಮಾಡಿದ್ದು 2022-23ರ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇಕಡ 10. ಅದನ್ನು ಮೀರಿದ್ದಕ್ಕೆ ದುಡ್ಡು ಕೊಡಬೇಕು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಆ ವರ್ಷ ಒಲೆಯಲ್ಲಿ ನೀರು ಕಾಯಿಸುತ್ತಿದ್ದ ಮನೆ ಈಗ 2 ಕಿಲೋವಾಟ್ ಗೀಸರನ್ನು ದಿನಕ್ಕೊಂದು ತಾಸು ಹಾಕಿದರೆ ತಿಂಗಳಿಗೆ 60 ಯೂನಿಟ್ ಹೆಚ್ಚುತ್ತದೆ, ಉಚಿತದ ಮಿತಿ ದಾಟುವುದು ಸುಲಭ. ಅಂಥ ಮನೆಗೆ ಸೋಲಾರ್ ಇಂದಿಗೂ ಲಾಭವೇ.

ಸಹಾಯಧನ ಸಿಗುತ್ತದೆಯೇ ಎಂದು ಕೇಳುವವರು ಬಹಳ. 2010ರಲ್ಲಿ ಶುರುವಾದ ರಾಷ್ಟ್ರೀಯ ಸೌರ ಮಿಷನ್ ಕಾಲದಲ್ಲಿ ಕೇಂದ್ರದಿಂದ ವಾಟರ್ ಹೀಟರಿಗೂ ಸಹಾಯಧನವಿತ್ತು, ಅದು ನಿಂತು ವರ್ಷಗಳಾದವು. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯ 78,000 ರೂಪಾಯಿವರೆಗಿನ ಸಹಾಯಧನ ಮಾಳಿಗೆಯ ಮೇಲೆ ಕರೆಂಟು ತಯಾರಿಸುವ ಫಲಕಗಳಿಗೆ ಮಾತ್ರ.

ಬಾಳಿಕೆ

ನೋಡಿಕೊಂಡರೆ 15ರಿಂದ 20 ವರ್ಷ. ಇಟಿಸಿಯಲ್ಲಿ ಯಾವ ಕೊಳವೆ ಕೆಟ್ಟಿದೆ ಎಂದು ಕಂಡುಹಿಡಿಯಲು ಯಂತ್ರ ಬೇಕಿಲ್ಲ. ಪ್ರತಿ ಕೊಳವೆಯ ಕೆಳತುದಿಯಲ್ಲಿ ಕನ್ನಡಿಯಂತೆ ಹೊಳೆಯುವ ಬೇರಿಯಂ ಲೇಪವಿರುತ್ತದೆ. ಕೂದಲೆಳೆಯಷ್ಟು ಬಿರುಕಿನಿಂದ ಗಾಳಿ ಒಳಸೇರಿದರೂ ಅದು ಹಾಲುಬಿಳುಪಿಗೆ ತಿರುಗುತ್ತದೆ. ಬೆಳ್ಳಗಾದ ಕೊಳವೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಕಾವನ್ನು ಹಿಡಿದಿಡುವುದಿಲ್ಲ. ಅದೊಂದನ್ನೇ ಬದಲಿಸಿದರೆ ಆಯಿತು. ಒಡೆದ ಗಾಜಿಗೆ ಸಾಮಾನ್ಯವಾಗಿ ವಾರಂಟಿ ಇರುವುದಿಲ್ಲವಾದ್ದರಿಂದ ಕೊಳ್ಳುವಾಗಲೇ ಬಿಡಿ ಕೊಳವೆ ಹೊಸಪೇಟೆಯಲ್ಲಿ ಸಿಗುತ್ತದೆಯೇ ಎಂದು ಕೇಳಿಕೊಳ್ಳಬೇಕು. ಕೊನೆಗೆ ಗುಜರಿಗೆ ಹಾಕುವ ದಿನ ಎಫ್‌ಪಿಸಿಯ ತಾಮ್ರವನ್ನು ತೂಕಕ್ಕೆ ಕೊಳ್ಳುತ್ತಾರೆ, ಇಟಿಸಿಯ ಗಾಜನ್ನು ಯಾರೂ ಕೇಳುವುದಿಲ್ಲ.