ಖಾರದಿಂದ ಬಣ್ಣದವರೆಗೆ: ಮೆಣಸಿನಕಾಯಿ ವಿಜ್ಞಾನದ ಇನ್ನೂರು ವರ್ಷ

ಕಳಸಾಪುರದ ಸುತ್ತಿನ ಗದಗ ಸೀಮೆಯಲ್ಲಿ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಕಡೆ ಮೆಣಸಿನಕಾಯಿ ಬರೀ ಅಡುಗೆಮನೆಯ ಸಾಮಾನಲ್ಲ, ವರ್ಷದ ಆದಾಯವೂ ಹೌದು. ಎರಿ ಹೊಲದಲ್ಲಿ ಮಳೆಯನ್ನೇ ನಂಬಿ, ಎಷ್ಟೋ ಕಡೆ ಉಳ್ಳಾಗಡ್ಡಿ, ಹತ್ತಿಯ ಜೊತೆಗೆ ಬೆಳೆಯುವ ಡಬ್ಬಿ, ಕಡ್ಡಿ ತಳಿಗಳು ಬ್ಯಾಡಗಿ ಪೇಟೆ ಸೇರುತ್ತವೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಇದರ ಹೆಸರು ನಿಂತಿರುವುದು ಖಾರದ ಮೇಲಲ್ಲ, ಕಡುಗೆಂಪು ಬಣ್ಣದ ಮೇಲೆ. ಆದರೆ ಮೆಣಸಿನಕಾಯಿಯ ವಿಜ್ಞಾನ ಮೊದಲಿನಿಂದಲೂ ಬೆನ್ನು ಹತ್ತಿದ್ದು ಖಾರವನ್ನೇ.

ಖಾರದ ಬೆನ್ನು ಹತ್ತಿದವರು

1816ರಲ್ಲಿ ಜರ್ಮನಿಯ ಬುಕೋಲ್ಜ್ ಮೆಣಸಿನಕಾಯಿಯಿಂದ ಖಾರದ ಸತ್ವವನ್ನು ಅಶುದ್ಧ ರೂಪದಲ್ಲಿ ಬೇರ್ಪಡಿಸಿದ. 1876ರಲ್ಲಿ ಇಂಗ್ಲೆಂಡಿನ ಥ್ರೆಶ್ ಅದನ್ನು ಹರಳಾಗಿ ತೆಗೆದು ಕ್ಯಾಪ್ಸೈಸಿನ್ ಎಂದು ಹೆಸರಿಟ್ಟ. 1919ರಲ್ಲಿ ನೆಲ್ಸನ್ ಅದರ ರಚನೆಯನ್ನು ಬಿಡಿಸಿ ತೋರಿಸಿದ. 1930ರಲ್ಲಿ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಿದ್ದಾಯಿತು. ಈ ನಡುವೆ, 1912ರಲ್ಲಿ, ಅಮೆರಿಕದ ವಿಲ್ಬರ್ ಸ್ಕೋವಿಲ್ ಖಾರ ಅಳೆಯುವ ವಿಧಾನ ಕಂಡುಕೊಂಡ. ಸತ್ವಕ್ಕೆ ಸಕ್ಕರೆ ನೀರು ಬೆರೆಸುತ್ತ ಹೋಗಿ, ನಾಲಗೆಗೆ ಖಾರ ತಿಳಿಯದಂತಾಗಲು ಎಷ್ಟು ಪಟ್ಟು ತೆಳುವಾಗಬೇಕು ಎಂಬುದೇ ಅವನ ಅಳತೆ. ಈಗ ಯಂತ್ರ ಅಳೆಯುತ್ತದೆ, ಹೆಸರು ಮಾತ್ರ ಅವನದೇ ಉಳಿದಿದೆ.

ಖಾರ ಇರುವುದು ಬೀಜದಲ್ಲಿ ಎಂದು ನಂಬಿದವರು ಹಲವರು. ಕಾಯಿಯನ್ನು ಉದ್ದಕ್ಕೆ ಸೀಳಿದರೆ ಬೀಜಗಳು ಅಂಟಿಕೊಂಡ ಬಿಳಿ ತಿರುಳು ಕಾಣುತ್ತದೆ. ಕ್ಯಾಪ್ಸೈಸಿನ್ ಮುಖ್ಯವಾಗಿ ತಯಾರಾಗುವುದು ಅಲ್ಲಿ. ಬೀಜಕ್ಕೆ ಹತ್ತುವುದು ಅದರ ಲೇಪ ಮಾತ್ರ. ಇದು ಕೊಬ್ಬಿನಲ್ಲಿ ಕರಗುತ್ತದೆ, ನೀರಿನಲ್ಲಿ ಅಷ್ಟಾಗಿ ಕರಗದು. ಹಾಗಾಗಿ ಕೆಂಪು ಮೆಣಸಿನಕಾಯಿ ರಂಜಕ ನೆತ್ತಿಗೇರಿದಾಗ ನೀರು ಕುಡಿದರೆ ಉರಿ ಇಳಿಯದು, ಮೊಸರು ಬೆಣ್ಣೆ ತಿಂದರೆ ಇಳಿಯುತ್ತದೆ.

ಆ ಉರಿ ಏಕೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು 1997ರಲ್ಲಿ. ಅಮೆರಿಕದ ಡೇವಿಡ್ ಜೂಲಿಯಸ್ ತಂಡ ನರಕೋಶಗಳ ಮೇಲಿನ ಟಿಆರ್‌ಪಿವಿ1 ಎಂಬ ಗ್ರಾಹಕವನ್ನು ಗುರುತಿಸಿತು. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೆ ಎಚ್ಚರಗೊಳ್ಳುವ ಗ್ರಾಹಕವೇ ಕ್ಯಾಪ್ಸೈಸಿನ್‌ಗೂ ಎಚ್ಚರಗೊಳ್ಳುತ್ತದೆ. ಅಂದರೆ ಖಾರ ಒಂದು ರುಚಿಯಲ್ಲ, ಸುಡುವ ನೋವಿನ ಸಂದೇಶ. 2021ರಲ್ಲಿ ಜೂಲಿಯಸ್ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಮತ್ತೆ ಮತ್ತೆ ಕೆರಳಿಸಿದ ನರ ಕ್ರಮೇಣ ಮಂಕಾಗುತ್ತದೆ ಎಂಬ ಗುಣವೇ ಔಷಧಿಯೂ ಆಯಿತು. ಸರ್ಪಸುತ್ತು ಮಾಯ್ದ ಮೇಲೂ ಉಳಿಯುವ ನರನೋವಿಗೆ ಶೇ. 8ರ ಕ್ಯಾಪ್ಸೈಸಿನ್ ಪಟ್ಟಿಗೆ 2009ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು.

ಮೈಸೂರಿನ ಕೊಡುಗೆ

ಆಹಾರವಾಗಿ ಮೆಣಸಿನಕಾಯಿ ಏನು ಮಾಡುತ್ತದೆ ಎಂಬ ಪ್ರಶ್ನೆಯನ್ನು ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ದಶಕಗಟ್ಟಲೆ ಹಿಡಿದು ಕೆಲಸ ಮಾಡಿದೆ. ಅಲ್ಲಿನ ವಿ. ಎಸ್. ಗೋವಿಂದರಾಜನ್ 1985ರಿಂದ ಬರೆದ ಸರಣಿ ಸಮೀಕ್ಷೆಗಳನ್ನು ಈ ಕ್ಷೇತ್ರದವರು ಇಂದಿಗೂ ಉಲ್ಲೇಖಿಸುತ್ತಾರೆ. ಮೆಣಸಿನಕಾಯಿಯೂ ಕ್ಯಾಪ್ಸೈಸಿನ್ನೂ ಇಲಿಗಳ ಕೊಲೆಸ್ಟರಾಲ್ ಏರಿಕೆಯನ್ನು ತಗ್ಗಿಸಿದ್ದನ್ನು ಸಾಂಬಯ್ಯ ಮತ್ತು ಸತ್ಯನಾರಾಯಣ 1980ರಲ್ಲೇ ವರದಿ ಮಾಡಿದ್ದರು. ಕಲ್ಪನಾ ಪ್ಲಾಟೆಲ್ ಮತ್ತು ಕೆ. ಶ್ರೀನಿವಾಸನ್ ಮಸಾಲೆಗಳು ಜೀರ್ಣರಸಗಳ ಮೇಲೆ ಬೀರುವ ಪ್ರಭಾವವನ್ನು ಅಧ್ಯಯನ ಮಾಡಿದರು. 2009ರ ಮತ್ತೊಂದು ಅಧ್ಯಯನದಲ್ಲಿ, ಮೆಣಸಿನಕಾಯಿ ತಿಂದ ಇಲಿಗಳ ಕರುಳು ಬೀಟಾ ಕ್ಯಾರೊಟಿನ್ ಅನ್ನು ಹೆಚ್ಚಾಗಿ ಹೀರಿಕೊಂಡಿತು. ಇವೆಲ್ಲ ಹೆಚ್ಚಾಗಿ ಇಲಿಗಳ ಮೇಲಿನ ಪ್ರಯೋಗಗಳು ಎಂಬುದನ್ನು ಮರೆಯಬಾರದು.

ಮನುಷ್ಯರ ಲೆಕ್ಕ ಬಂದದ್ದು ಆಮೇಲೆ. ಚೀನಾದ ಸುಮಾರು 4.87 ಲಕ್ಷ ಜನರ ಅಧ್ಯಯನ (2015), ವಾರಕ್ಕೆ ಒಮ್ಮೆಯೂ ಖಾರ ತಿನ್ನದವರಿಗಿಂತ ಹೆಚ್ಚುಕಡಿಮೆ ದಿನವೂ ತಿನ್ನುವವರಲ್ಲಿ ಸಾವಿನ ಅಪಾಯ ಶೇ. 14ರಷ್ಟು ಕಡಿಮೆ ಎಂದಿತು. ಇಟಲಿಯ 22,811 ಜನರ ಅಧ್ಯಯನ (2019), ವಾರಕ್ಕೆ ನಾಲ್ಕಕ್ಕಿಂತ ಹೆಚ್ಚು ಬಾರಿ ಮೆಣಸಿನಕಾಯಿ ತಿನ್ನುವವರಲ್ಲಿ ಈ ಅಪಾಯ ಶೇ. 23ರಷ್ಟು ಕಡಿಮೆ ಎಂದಿತು. ಇವು ನಂಟನ್ನು ತೋರಿಸುತ್ತವೆಯೇ ಹೊರತು ಕಾರಣವನ್ನು ಸಾಬೀತು ಮಾಡುವುದಿಲ್ಲ. ಖಾರದ ಜೊತೆ ತಿನ್ನುವ ರೊಟ್ಟಿ, ಕಾಳು, ಸೊಪ್ಪಿನ ಪಾಲನ್ನೂ ಅದರಿಂದ ಬೇರ್ಪಡಿಸುವುದು ಕಷ್ಟ. ಇನ್ನೊಂದೆಡೆ, ಮೆಕ್ಸಿಕೋದ 1994ರ ಅಧ್ಯಯನವೊಂದು ಅತಿಯಾದ ಖಾರಕ್ಕೂ ಜಠರದ ಕ್ಯಾನ್ಸರ್‌ಗೂ ನಂಟು ಕಂಡಿತ್ತು. ಮಿತವಾಗಿ ತಿನ್ನುವವರಿಗೆ ಭಯ ಬೇಡ. ಎದೆ ಉರಿ ಇರುವವರು ಎಚ್ಚರ ವಹಿಸಬೇಕು.

ಬಣ್ಣದ ಸರದಿ

ನಮ್ಮ ಸೀಮೆಗೆ ಹೆಚ್ಚು ಹತ್ತಿರದ ಕತೆ ಬಣ್ಣದ್ದು. ಹಂಗೇರಿಯ ಜೆಕ್‌ಮೈಸ್ಟರ್ ಮತ್ತು ಚೋಲ್ನೋಕಿ 1927ರಲ್ಲಿ ಕೆಂಪು ವರ್ಣಕ ಕ್ಯಾಪ್ಸಾಂಥಿನ್ ಅನ್ನು ಬೇರ್ಪಡಿಸಿದರು. ಅದೇ ದೇಶದ ಸೆಂಟ್-ಜ್ಯೋರ್ಜಿ ಮೆಣಸಿನಕಾಯಿಯಿಂದ ಸಿ ಜೀವಸತ್ವವನ್ನು ಹೇರಳವಾಗಿ ತೆಗೆದು, 1937ರಲ್ಲಿ ನೊಬೆಲ್ ಪಡೆದರು. ಒಣಗಿಸುವಾಗ ಸಿ ಜೀವಸತ್ವ ಬಹುಪಾಲು ಹೋಗುತ್ತದೆ, ಆದರೆ ಬಣ್ಣ ಕೊಡುವ ಕ್ಯಾರೊಟಿನಾಯ್ಡ್‌ಗಳು ಉಳಿಯುತ್ತವೆ. ಅವುಗಳಲ್ಲಿ ಬೀಟಾ ಕ್ಯಾರೊಟಿನ್ ಮತ್ತು ಬೀಟಾ ಕ್ರಿಪ್ಟೊಕ್ಸಾಂಥಿನ್ ನಮ್ಮ ದೇಹದಲ್ಲಿ ಎ ಜೀವಸತ್ವವಾಗುತ್ತವೆ. ಕ್ಯಾಪ್ಸಾಂಥಿನ್ ಹಾಗಾಗದಿದ್ದರೂ ಪ್ರಬಲ ಉತ್ಕರ್ಷಣ ನಿರೋಧಕ. ಬ್ಯಾಡಗಿ ಕಾಯಿಯಿಂದ ಓಲಿಯೊರೆಸಿನ್ ಎಂಬ ಗಾಢ ಸತ್ವ ತೆಗೆಯುವ ಕಾರ್ಖಾನೆಗಳು ಬೆಲೆ ಕಟ್ಟುವುದು ಈ ಬಣ್ಣಕ್ಕೇ. ಇಷ್ಟಾದರೂ ಮೇಲೆ ಹೇಳಿದ ಚೀನಾ, ಇಟಲಿಯ ಅಧ್ಯಯನಗಳು ಎಷ್ಟು ಸಲ ತಿಂದಿರಿ ಎಂದು ಕೇಳಿದವೇ ವಿನಾ, ಖಾರದ ಪಾಲೆಷ್ಟು ಬಣ್ಣದ ಪಾಲೆಷ್ಟು ಎಂದು ಬಿಡಿಸಿ ನೋಡಲಿಲ್ಲ.

ಬಣ್ಣಕ್ಕಿರುವ ಬೆಲೆಯೇ ಕಲಬೆರಕೆಗೂ ದಾರಿ ಮಾಡಿತು. 2003ರಲ್ಲಿ ಯುರೋಪಿನಲ್ಲಿ ಖಾರದ ಪುಡಿಯಲ್ಲಿ ಸುಡಾನ್-1 ಎಂಬ ನಿಷಿದ್ಧ ಬಣ್ಣ ಪತ್ತೆಯಾಗಿ ದೊಡ್ಡ ಸುದ್ದಿಯಾಯಿತು. ಬರಿ ನೆಲದ ಮೇಲೆ ಒಣಗಿಸಿ, ತೇವ ಉಳಿದಂತೆಯೇ ಚೀಲ ಕಟ್ಟಿದರೆ ಬೂಸ್ಟು ಹಿಡಿದು ಅಫ್ಲಟಾಕ್ಸಿನ್ ಎಂಬ ವಿಷವೂ ಸೇರಬಹುದು. ಅದು ಯಕೃತ್ತಿಗೆ ಮಾರಕ. ಕಾಯಿಯೊಳಗಿನ ಯಾವ ಒಳ್ಳೆಯ ಸತ್ವವೂ ಇದನ್ನು ಸರಿದೂಗಿಸದು.

ಆದ್ದರಿಂದ ಈ ಕ್ಷೇತ್ರದ ಮುಂದಿನ ಹೆಜ್ಜೆ ನಮ್ಮ ಹೊಲದಿಂದಲೇ ಶುರುವಾಗಬೇಕು. ಖಾರ ಕಡಿಮೆ, ಬಣ್ಣ ಹೆಚ್ಚು ಇರುವ ಕಾಯಿಯನ್ನು ತಲೆತಲಾಂತರದಿಂದ ತಿನ್ನುತ್ತ ಬಂದ ಜನರ ಆರೋಗ್ಯವನ್ನು ವಿಶ್ವವಿದ್ಯಾಲಯಗಳು, ವೈದ್ಯಕೀಯ ಕಾಲೇಜುಗಳು ಕೂಡಿ ಅಧ್ಯಯನ ಮಾಡಲಿ. ತಾಡಪತ್ರಿ ಹಾಸಿ, ಸರಿಯಾಗಿ ಒಣಗಿಸಿ ತಂದ ರೈತನ ಮಾಲಿಗೆ ಪೇಟೆಯಲ್ಲಿ ಹೆಚ್ಚು ದರ ಸಿಗಲಿ. ಕೊಳ್ಳುವವರೂ ಅತಿ ಕೆಂಪು ಪುಡಿಗೆ ಮರುಳಾಗದೆ, ಇಡೀ ಕಾಯಿ ತಂದು ಗಿರಣಿಯಲ್ಲಿ ಕುಟ್ಟಿಸಿಕೊಳ್ಳಲಿ.